ಆರನೇ ರೆಕಾರ್ಡಿಂಗ್

"ರೀ, ಇದು ನಾಲ್ಕನೇ ಸಲ! ನೀವಿದ್ದಾಗ ಸದ್ದು ಬರುತ್ತೆ, ನೀವು ಮೆಟ್ಟಿಲು ಇಳಿದ್ರೆ ಹೋಗುತ್ತೆ. ಏನ್ ನಾಟಕ ಇದು?"

ಬಾಗಿಲಲ್ಲೇ ಸಿಡಿದಳು ಅವಳು. ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡ ಕಂಪ್ಯೂಟರ್ ರಿಪೇರಿಯವನು ಮಿಕಮಿಕ ನೋಡಿದ.

"ಮೊದಲು ಒಳಗೆ ಕರಿಯೇ, ಆಮೇಲೆ ಬೈಯಿ!" ಅಡುಗೆಮನೆಯಿಂದ ಅಮ್ಮ ಕೂಗಿದರು.

ಕಳೆದ ವಾರ ಅವಳ ಹಳೇ ಕಂಪ್ಯೂಟರಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವನು ಇವನೇ. ಅಂದಿನಿಂದ ಅದು ಚೆನ್ನಾಗಿಯೇ ಓಡುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಕಣ್ಣು ಕಾಣದವರ ಗ್ರಂಥಾಲಯಕ್ಕೆ ಪುಸ್ತಕ ಓದಿ ರೆಕಾರ್ಡ್ ಮಾಡುವ ಕೆಲಸ ಅವಳ ಕನಸು. ಮಾದರಿ ಓದು ಇವತ್ತು ಐದು ಗಂಟೆಯೊಳಗೆ ತಲುಪಬೇಕು. ಈಗಾಗಲೇ ನಾಲ್ಕೂಕಾಲು! ಆರು ಸಲ ಮೈಕ್ ಮುಂದೆ ಕೂತಿದ್ದಳು. ಹಾಕಿ ಕೇಳಿದರೆ ಆರಕ್ಕೆ ಆರೂ ಮೌನ. ಕೇಳಿಸದ್ದನ್ನು ಕಳಿಸುವುದು ಹೇಗೆ?

"ಬೇಕಂತಲೇ ಕೆಡಿಸಿ ಹೋಗ್ತೀರಾ?"

ಅವನ ಮುಖ ಸಪ್ಪಗಾಯಿತು. "ಅಂಥವನಲ್ಲ ನಾನು. ಇವತ್ತು ಸರಿಹೋಗದಿದ್ರೆ ಬೇರೆಯವರನ್ನ ಕರೆಸ್ಕೊಳ್ಳಿ."

'ಬೇರೆಯವರಾ...?' ಅವಳಿಗೇಕೋ ಅದು ಬೇಡವೆನ್ನಿಸಿತು. ಸಿಟ್ಟಿನ ಮಧ್ಯೆ ಇದೇನಿದು!

ಅವನು ತನ್ನ ಹೆಡ್‌ಫೋನ್ ಸಿಕ್ಕಿಸಿ, ಏನೇನೋ ಒತ್ತಿ, ಎಂದಿನಂತೆ ಅವಳ ಕಿವಿಗಿಟ್ಟ. "ಬರ್ತಿದೆ ತಾನೇ?"

"ಬರ್ತಿದೆ. ಈಗ ಅದನ್ನ ಕೀಳಿ!"

ಕಿತ್ತ. ಮೇಜಿನ ಮೇಲಿನ ಸ್ಪೀಕರ್ ತುಟಿಪಿಟಕ್ಕೆನ್ನಲಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಹಣೆ ಚಚ್ಚಿಕೊಂಡ. "ಪ್ರತಿ ಸಲ ಇದರಲ್ಲೇ ಕೇಳಿ, ಕಿತ್ಕೊಂಡು ಹೋಗ್ತಿದ್ದೆ. ಇದನ್ನ ತೆಗೆದ ಕೂಡ್ಲೇ ಕಂಪ್ಯೂಟರ್ ಸದ್ದನ್ನೆಲ್ಲ ಮಾನಿಟರಿಗೆ ಕಳಿಸ್ತಿದೆ. ಮಾನಿಟರಲ್ಲಿ ಸ್ಪೀಕರೇ ಇಲ್ಲ!"

"ಹಾಗಾದ್ರೆ ಮೈಕು?"

"ಅದು ಮೊದಲಿಂದ್ಲೂ ಸರಿಯಾಗೇ ಇದೆ. ನೀವು ಮಾತಾಡಿದ್ದೆಲ್ಲ ಒಳಗಿದೆ." ಅವನು ಸದ್ದನ್ನು ಸ್ಪೀಕರಿಗೆ ತಿರುಗಿಸಿ, ರೆಕಾರ್ಡಿಂಗುಗಳ ಪಟ್ಟಿ ತೆರೆದ.

ಖುಷಿಯಲ್ಲಿ ಕುಣಿಯಬೇಕೆನ್ನಿಸಿತು. ಮರುಕ್ಷಣವೇ... ಆರನೇದು! ಅವಳು ಮೌಸಿನತ್ತ ಕೈ ಚಾಚಿದಳು.

"ಬೇಡ, ಮೇಲಿರೋದನ್ನ ಒತ್ತಬೇಡಿ...!"

ಅಷ್ಟರಲ್ಲಿ ಅವನು ಒತ್ತಿಯಾಗಿತ್ತು. ವಾರದ ಮೌನ ಮುರಿದು ಸ್ಪೀಕರ್ ಅವಳದೇ ದನಿಯಲ್ಲಿ ಮಾತಾಡಿತು.

"ಥೂ, ಇದೂ ಬರಲ್ಲ! ಮತ್ತೆ ಆ ಪುಣ್ಯಾತ್ಮನ್ನೇ ಕರೀಬೇಕು... ಸರಿಹೋಗದಿದ್ರೇನೇ ಒಳ್ಳೇದು ಅನ್ಸುತ್ತೆ ಒಂದೊಂದ್ಸಲ. ಸರಿಹೋದ್ರೆ ಅವನ್ಯಾಕೆ ಈ ಕಡೆ ಬರ್ತಾನೆ?"

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ!

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಐದನೇದನ್ನ ಕಳಿಸೋಣ. ಮೊದಲು ಕೆಲಸ."

ಐದಕ್ಕೆ ಹತ್ತು ನಿಮಿಷ ಇರುವಾಗ ಓದು ಹೊರಟಿತು. ಅವನೂ ಎದ್ದ. ಆದರೆ ಹೆಡ್‌ಫೋನ್ ಮೇಜಿನ ಮೇಲೇ ಉಳಿಯಿತು.

"ಇದು...?" ಅವಳು ಅದರತ್ತ ಬೆರಳು ತೋರಿದಳು.

"ಇಲ್ಲೇ ಇರ್ಲಿ. ತಗೊಂಡು ಹೋಗೋಕೆ ನಾಳೆ ಬರ್ತೀನಿ."

"ನಾಳೆನೂ ಇದನ್ನ ಇಲ್ಲೇ ಮರೆತ್ರೆ?"

"ನಾಡಿದ್ದು ಬರ್ತೀನಿ. ನಿಮ್ಮ ದನಿ ಅಂದ್ರೆ ನಂಗೆ ಮೊದಲ ದಿನದಿಂದ್ಲೂ ಇಷ್ಟ ಕಣ್ರೀ... ಬೈದಾಗ್ಲೂ."

ಅವಳು ಹೆಡ್‌ಫೋನನ್ನು ಎತ್ತಿ ಎದೆಗವಚಿಕೊಂಡಳು. ಕಣ್ಣು ತುಂಬಿ ಬಂತು.

"ಸದ್ದೇ ಇಲ್ವಲ್ಲೇ! ಇನ್ನೂ ಸರಿಹೋಗಿಲ್ವಾ?" ಒಳಗಿನಿಂದ ಅಮ್ಮ.

"ಸರಿಹೋಯ್ತಮ್ಮಾ," ಎಂದವಳು ಅವನತ್ತ ತಿರುಗಿ ಮೆಲ್ಲಗೆ ಹೇಳಿದಳು, "ನಾಳೆ ಬೇಗ ಬನ್ನಿ."