ತುಕ್ಕರಾಯನ ಕಠಾರಿ

ಬಹಳ ಹಿಂದೆ, ಆಮೆಗೂ ಹುಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಂಚಿನಕೋಟೆ ಎಂಬ ಒಂದು ರಾಜ್ಯವಿತ್ತು. ಆ ಕೋಟೆಯ ಬಡಗಣ ಬಾಗಿಲನ್ನು ಕಾಯುವವನು ಜಕ್ಕಣ್ಣ. ಆಳೇನೋ ಗಟ್ಟಿಮುಟ್ಟು, ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ನಾಳೆ ಶತ್ರು ಬಂದರೆ? ನಾಡಿದ್ದು ಹುಲಿ ಬಂದರೆ? ಇಬ್ಬರೂ ಮಾತಾಡಿಕೊಂಡು ಒಟ್ಟಿಗೇ ಬಂದರೆ? ಈ ಚಿಂತೆಯಲ್ಲಿ ಅವನು ಕಂಡ ಕಂಡ ಆಯುಧಗಳನ್ನೆಲ್ಲ ತಂದು ಮನೆಯಲ್ಲಿ ಪೇರಿಸಿದ್ದ. ಹನ್ನೊಂದು ಕೋವಿ, ಇಪ್ಪತ್ತು ಕತ್ತಿ, ಏಳು ಥರದ ಕೊಡಲಿ, ಹಾರೆ, ಮಚ್ಚು, ಹಗ್ಗದ ಸುರುಳಿ, ಚಕಮಕಿ ಕಲ್ಲಿನ ಚೀಲ. ಜಾಗ ಸಾಲದೆ ರಾಗಿ ಮಡಕೆಗಳು ಜಗಲಿಗೆ ಬಂದು ಕೂತಿದ್ದವು.

ತರುವುದು ಅವನ ಕೆಲಸ, ಒರೆಸಿ ಎಣ್ಣೆ ಹಚ್ಚುವುದು ಹೆಂಡತಿ ಸಣ್ಣತಾಯಿಯ ಕೆಲಸ. ಅವಳ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು.

"ರೀ, ನಿಮಗಿರೋದು ಎರಡೇ ಕೈ. ಹನ್ನೊಂದು ಕೋವಿ ಯಾವ ಕೈಯಲ್ಲಿ ಹಿಡೀತೀರಿ?"

"ನಿನಗೆ ತಿಳಿಯಲ್ಲ ಬಿಡೇ. ಒಂದು ಕೆಟ್ಟರೆ ಇನ್ನೊಂದು ಇರಬೇಕು."

"ಅದೂ ಕೆಟ್ಟರೆ?"

"ಅದಕ್ಕೇ ಮೂರನೇದು," ಎನ್ನುತ್ತಿದ್ದ ಜಕ್ಕಣ್ಣ. ಹನ್ನೊಂದಕ್ಕೆ ಬಂದು ಮುಟ್ಟುವ ಹೊತ್ತಿಗೆ ಅನ್ನ ಸೀದು ಹೋಗುತ್ತಿತ್ತು.

ಒಂದು ಬೆಳಗ್ಗೆ ಕೋಟೆ ಬಾಗಿಲಿಗೆ ಕೆಂಪು ಗಡ್ಡದ ವ್ಯಾಪಾರಿಯೊಬ್ಬ ಬಂದ. ಅವನ ಹತ್ತಿರ ಇದ್ದದ್ದು ಒಂದೇ ಒಂದು ಕಠಾರಿ. ಅದರ ಬೆಳ್ಳಿಯ ಒರೆಯ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಗಿಳಿ, ಗಿಳಿಯ ಕಣ್ಣಿಗೆ ಹವಳ. ಬುದ್ಧಿಯಿದ್ದವರು ಒರೆಯಿಂದ ಎಳೆದು ಅಲಗು ನೋಡದೆ ಕಠಾರಿ ಕೊಳ್ಳುವುದಿಲ್ಲ. ಜಕ್ಕಣ್ಣನೂ ಹತ್ತು ಜನರಿಗೆ ಇದನ್ನೇ ಹೇಳಿಕೊಟ್ಟವನು. ಆದರೆ ಹವಳದ ಕಣ್ಣು ಕಂಡದ್ದೇ ತಡ, ತಾನು ಹೇಳಿಕೊಟ್ಟದ್ದು ತನಗೇ ಮರೆಯಿತು. ಕಠಾರಿಯನ್ನು ಕೊಂಡು ಹೆಂಡತಿಯ ಕೈಗೆ ಕೊಟ್ಟ.

ಸಣ್ಣತಾಯಿ ಎಣ್ಣೆ ಹಚ್ಚಲೆಂದು ಅದನ್ನು ಒರೆಯಿಂದ ಎಳೆದಳು. ಅಲಗಿನಿಂದ ಕೆಂಪು ಹುಡಿ ಉದುರಿ ಅವಳ ಕಾಲ್ಬೆರಳ ಮೇಲೆ ಬಿತ್ತು. ಬಿದ್ದಲ್ಲೆಲ್ಲ ಮಾಂಸ ಹೋಗಿ ಕಬ್ಬಿಣವಾಯಿತು. ಕಬ್ಬಿಣದ ಮೇಲೆ ತುಕ್ಕು ಹಿಡಿಯಿತು. ಅವಳು ಕಠಾರಿಯನ್ನು ಮತ್ತೆ ಒರೆಗೆ ತುರುಕಿ, "ನೋಡ್ರಿ, ಚೆನ್ನಾಗಿ ಆರಿಸಿದ್ದೀರಿ," ಎಂದಳು.

ಜಕ್ಕಣ್ಣ ಓಡಿಹೋಗಿ ಕತ್ತಿಗಳಿಗೆ ಸಾಣೆ ಹಿಡಿಯುವ ಅಜ್ಜಿಯನ್ನು ಕರೆತಂದ. ಅಜ್ಜಿ ಕಾಲನ್ನು ಮುಟ್ಟಿ ನೋಡಿದಳು, ಒರೆಯನ್ನು ಮೂಸಿ ನೋಡಿದಳು.

"ಮಗಾ, ನಿನಗೆ ಇದನ್ನ ಮಾರಿದವನು ವ್ಯಾಪಾರಿಯಲ್ಲ, ತುಕ್ಕುಗುಡ್ಡದ ಮಾಂತ್ರಿಕ ತುಕ್ಕರಾಯ. ಮೂರನೇ ದಿನ ಹೊತ್ತು ಮುಳುಗೋ ಹೊತ್ತಿಗೆ ತುಕ್ಕು ಇವಳ ನೆತ್ತಿಗೇರುತ್ತೆ. ಆಮೇಲೆ ಇವಳು ಅವನ ಅರಮನೆಗೆ ಒಂದು ಕಂಬ."

"ಬಿಡಿಸೋದು ಹೇಗಜ್ಜಿ?"

"ಅವನೇ ತನ್ನ ಕೈಯಾರೆ ಈ ಕಠಾರೀನ ಒರೆಯಿಂದ ಎಳೀಬೇಕು. ಇವಳೂ ಅಲ್ಲೇ ಇರಬೇಕು. ಬೇರೆ ದಾರಿ ಇಲ್ಲ."

ಜಕ್ಕಣ್ಣ ಆಗಲೇ ಗಾಡಿ ಹೂಡಿದ. ಹೆಂಡತಿಯನ್ನು ಕೂರಿಸಿದ. ಅವಳ ಸುತ್ತ ಹನ್ನೊಂದು ಕೋವಿ, ಇಪ್ಪತ್ತು ಕತ್ತಿ, ಏಳು ಕೊಡಲಿಗಳನ್ನು ಪೇರಿಸಿದ. ಗಾಡಿ ಹತ್ತಿದವನು ಇಳಿದು ಹೋಗಿ ಹಾರೆ ತಂದ. ಮತ್ತೆ ಹತ್ತಿದವನು ಮತ್ತೆ ಇಳಿದು ಹಗ್ಗ ತಂದ. ಮೂರನೆಯ ಸಲ ಇಳಿಯುವಾಗ ಸಣ್ಣತಾಯಿ, "ಇನ್ನೊಂದು ಸಲ ಇಳಿದರೆ ನಾನು ಇಲ್ಲೇ ಕಂಬ ಆಗ್ತೀನಿ," ಎಂದಳು. ಗಾಡಿ ಹೊರಟಿತು.

ಮೊದಲನೆಯ ದಿನ ಒಂದು ಹೊಳೆ ಅಡ್ಡ ಬಂತು. ಸೇತುವೆಯಿಲ್ಲ, ದೋಣಿಯಿಲ್ಲ. ನೀರಿನಿಂದ ರಾಗಿ ಬಡಿಯುವ ಕಣದಷ್ಟು ಅಗಲದ ಆಮೆಯೊಂದು ತಲೆಯೆತ್ತಿತು.

"ಗಾಡಿ ಸಮೇತ ದಾಟಿಸ್ತೀನಿ. ಆದರೆ ನನ್ನ ಬೆನ್ನು ಮುಳುಗಬಾರದು," ಎಂದಿತು ಆಮೆ.

ಗಾಡಿ ಬೆನ್ನ ಮೇಲೆ ಹತ್ತಿತು. ಆಮೆ ಮುಳುಗಿತು. ಸಣ್ಣತಾಯಿ ಆಗಲೇ ಮಂಡಿಯವರೆಗೆ ಕಬ್ಬಿಣವಾಗಿದ್ದಳು. ಜಕ್ಕಣ್ಣ ಹಾರೆಯನ್ನು ಇಳಿಸಿದ. ಆಮೆ ಮುಳುಗಿತು. ಕೊಡಲಿಗಳನ್ನು ಇಳಿಸಿದ. ಆಮೆ ಮುಳುಗಿತು. ಕತ್ತಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಇದು ಕುದುರೆ ಮೇಲಿಂದ ಹೊಡೆಯುವುದು, ಇದು ಇಕ್ಕಟ್ಟಾದ ಜಾಗಕ್ಕೆ, ಇದು ಬಳ್ಳಿ ಸವರುವುದಕ್ಕೆ. ಯಾವುದನ್ನೂ ಬಿಡಲು ಮನಸ್ಸು ಬಾರದು.

"ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಅಂತಾರೆ," ಎಂದಿತು ಆಮೆ. "ನಿನ್ನ ಭಾರ ಎಷ್ಟು ಅಂತ ನಿನಗೆ ಇನ್ನೂ ಗೊತ್ತಾದ ಹಾಗಿಲ್ಲವಲ್ಲಪ್ಪ."

ಹೊತ್ತು ಇಳಿಯುತ್ತಿತ್ತು. ಜಕ್ಕಣ್ಣ ಕಣ್ಣು ಮುಚ್ಚಿ ಇಪ್ಪತ್ತೂ ಕತ್ತಿಗಳನ್ನು ದಡದಲ್ಲಿ ಹಾಕಿದ. ಆಮೆ ತೇಲಿತು. ಆಚೆ ದಡ ಸೇರುವವರೆಗೂ ಅವನು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದ.

ಎರಡನೆಯ ದಿನ ಕಾಡು. ಸಣ್ಣತಾಯಿ ಸೊಂಟದವರೆಗೆ ಕಬ್ಬಿಣವಾಗಿದ್ದಳು. ಗಾಡಿಯ ಅಚ್ಚು ಕಿರುಗುಟ್ಟಿದಾಗಲೆಲ್ಲ ಜಕ್ಕಣ್ಣ ಬೆಚ್ಚಿ ಅವಳ ಕಡೆ ನೋಡುತ್ತಿದ್ದ. ನಡುಮಧ್ಯಾಹ್ನ ದಾರಿಗೆ ಅಡ್ಡವಾಗಿ ತಾಮ್ರದ ಬಣ್ಣದ ಹುಲಿ ಬಂದು ನಿಂತಿತು. ಇಂಥ ದಿನಕ್ಕೆಂದೇ ಅವನು ಹತ್ತು ವರ್ಷದಿಂದ ಕಾದಿದ್ದ. ಎಲ್ಲಕ್ಕಿಂತ ಚೆಂದದ ಕೋವಿಯನ್ನು ಎತ್ತಿ, ಮದ್ದು ತುಂಬಿ, ಗುಂಡು ಜಡಿದು, ಗುರಿ ಹಿಡಿದು, ಬತ್ತಿಗೆ ಕಿಡಿ ಮುಟ್ಟಿಸಿದ. ಕೋವಿ ಮುದುಕಪ್ಪ ಕೆಮ್ಮಿದ ಹಾಗೆ ಒಂದು ಸದ್ದು ಮಾಡಿ ಸುಮ್ಮನಾಯಿತು. ಎರಡನೆಯದನ್ನು ಎತ್ತಿದ. ಅದೂ ಕೆಮ್ಮಿತು. ಮೂರನೆಯದು ಕೆಮ್ಮಲೂ ಇಲ್ಲ.

ಹುಲಿ ಹಿಂಗಾಲ ಮೇಲೆ ಕೂತುಕೊಂಡಿತು. "ಮದ್ದನ್ನ ಕೊನೇ ಸಲ ಬಿಸಿಲಿಗೆ ಹಾಕಿದ್ದು ಯಾವಾಗ?"

ಜಕ್ಕಣ್ಣ ಮದ್ದಿನ ಕೊಂಬನ್ನು ಅಲುಗಿಸಿ ನೋಡಿದ.

"ಈ ಕೋವಿಯಲ್ಲಿ ಒಂದು ಸಲವಾದರೂ ಹೊಡೆದಿದ್ದೀಯ?"

"ಗೀರು ಬೀಳುತ್ತೆ ಅಂತ..." ಎಂದ ಜಕ್ಕಣ್ಣ, ನೆಲ ನೋಡುತ್ತ.

"ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ನಿನ್ನಂಥೋರನ್ನ ನೋಡೇ ಹೇಳಿರಬೇಕು. ನನ್ನ ಮೇಲೆ ಗುಂಡು ಹಾರಿಸಿದವರು ನೂರು ಜನ. ಒಂದೇ ಕೋವಿ ಇಟ್ಟುಕೊಂಡು ದಿನಾ ಹೊಡೆಯೋನು ಬಂದರೆ ಇವತ್ತಿಗೂ ನಾನು ಪೊದೆ ಹುಡುಕ್ತೀನಿ. ಗಾಡಿ ತುಂಬ ತರೋರು ಬಂದರೆ ದಾರಿ ಮಧ್ಯೆ ಕೂತ್ಕೊಂಡು ಮಾತಾಡಿಸ್ತೀನಿ." ಹುಲಿ ಆಕಳಿಸಿತು. "ಕೋವಿಗಳನ್ನೆಲ್ಲ ಇಲ್ಲೇ ಇಟ್ಟು ಹೋಗು. ಇಲ್ಲವಾದರೆ ಎತ್ತುಗಳನ್ನ ತಿಂತೀನಿ."

ಎತ್ತಿಲ್ಲದೆ ಗಾಡಿಯಿಲ್ಲ, ಗಾಡಿಯಿಲ್ಲದೆ ಸಣ್ಣತಾಯಿಯನ್ನು ಗುಡ್ಡದ ಬುಡ ಮುಟ್ಟಿಸುವಂತಿಲ್ಲ. ಜಕ್ಕಣ್ಣ ಹತ್ತು ಕೋವಿಗಳನ್ನು ಇಳಿಸಿದ. ಹನ್ನೊಂದನೆಯದು ಗೇಣುದ್ದದ ಕೈಕೋವಿ, ಅದನ್ನು ಮೆಲ್ಲಗೆ ಅಂಗಿಯೊಳಗೆ ಸೇರಿಸಿಕೊಂಡ. ಹುಲಿ ನೋಡಿಯೂ ನೋಡದ ಹಾಗಿತ್ತು.

"ನಾಚಿಕೆ ಆಗ್ಲಿಲ್ವಾ?" ಎಂದಳು ಸಣ್ಣತಾಯಿ, ಸ್ವಲ್ಪ ದೂರ ಹೋದ ಮೇಲೆ.

"ಮಾಂತ್ರಿಕನ ಹತ್ತಿರ ಬರಿಗೈಯಲ್ಲಿ ಹೋಗೋಕಾಗುತ್ತೇನೇ?"

"ನನಗೂ ಹೆದರಿಕೆ ಆಗ್ತಿದೆ ಕಣ್ರೀ," ಎಂದಳು ಅವಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ಈ ಮಾತು ಹೇಳಿದ್ದು ಅದೇ ಮೊದಲು. ಜಕ್ಕಣ್ಣ ಎತ್ತುಗಳನ್ನು ಇನ್ನಷ್ಟು ಜೋರಾಗಿ ಹೊಡೆದ.

ಮೂರನೆಯ ದಿನ ತುಕ್ಕುಗುಡ್ಡ. ಅಲ್ಲಿಂದ ಮುಂದೆ ಗಾಡಿ ಹೋಗದು. ಕಣಿವೆಯ ಮೇಲೆ ಬಿಳಲುಗಳ ಒಂದು ತೂಗುಸೇತುವೆ, ಅದರ ತುದಿಯಲ್ಲಿ ಎರಡು ತಲೆಯ ಹಕ್ಕಿ.

"ಸೇತುವೆಗೆ ಒಬ್ಬನೇ ಮನುಷ್ಯ," ಎಂದಿತು ಒಂದು ತಲೆ.

"ಅವನಿಗೆ ಒಂದೇ ಹೊರೆ," ಎಂದಿತು ಇನ್ನೊಂದು ತಲೆ.

ಸಣ್ಣತಾಯಿಗೆ ತುಕ್ಕು ಗಂಟಲು ಮುಟ್ಟಿತ್ತು. ಬೆಳಗ್ಗೆಯೇ ಮಾತು ನಿಂತುಹೋಗಿತ್ತು, ಕಣ್ಣು ಮಾತ್ರ ಆಡುತ್ತಿತ್ತು. ಒಂದೇ ಒಂದು ಸಲ ಬೈದುಬಿಡಬಾರದೇ ಎಂದು ಜಕ್ಕಣ್ಣ ಒಳಗೊಳಗೇ ಗೋಗರೆಯುತ್ತಿದ್ದ. ಅವನು ಹಗ್ಗದಿಂದ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಹೆಜ್ಜೆ ಇಟ್ಟ. ಸೇತುವೆ ಚಟಚಟ ಎಂದಿತು.

"ಅಂಗಿಯೊಳಗೆ ಏನು?" ಎಂದಿತು ಒಂದು ತಲೆ.

"ಸೊಂಟದಲ್ಲಿ ಏನು?" ಎಂದಿತು ಇನ್ನೊಂದು.

"ಸೊಂಟದಲ್ಲಿರೋದು ತುಕ್ಕರಾಯನ ಕಠಾರಿ. ಅವನಿಗೇ ಕೊಡೋದು."

"ಅವನದು ನಿನ್ನ ಹೊರೆಯಲ್ಲ. ಅಂಗಿಯೊಳಗಿನದು ನಿನ್ನದು."

ಜಕ್ಕಣ್ಣ ಕೈಕೋವಿಯನ್ನು ಹೊರಗೆ ತೆಗೆದ. ಚಕಮಕಿ ಚೀಲವನ್ನೂ, ಮದ್ದಿನ ಕೊಂಬನ್ನೂ, ಮಡಿಲಲ್ಲಿದ್ದ ಸಣ್ಣ ಚೂರಿಯನ್ನೂ ತೆಗೆದ. ಎಲ್ಲವೂ ಕಣಿವೆಗೆ ಬಿದ್ದವು, ಬಿದ್ದ ಸದ್ದೂ ಕೇಳಿಸಲಿಲ್ಲ. ಆಮೇಲೆ ಬೆನ್ನು ಬಗ್ಗಿಸಿ, ಹಲ್ಲು ಕಚ್ಚಿ, ತನಗೆ ಗೊತ್ತಿದ್ದ ದೇವರುಗಳನ್ನೆಲ್ಲ ನೆನೆಯುತ್ತ ದಾಟಿದ. ಬಿಳಲು ಬಿಗಿಹಿಡಿದ ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು.

ಅರಮನೆಯ ಒಳಗೆ ಎಲ್ಲಿ ನೋಡಿದರೂ ಕಬ್ಬಿಣದ ಕಂಬಗಳು. ಪ್ರತಿ ಕಂಬಕ್ಕೂ ಒಂದು ಮುಖ. ಗೋಡೆಯ ತುಂಬ ಆಯುಧಗಳು. ಗದ್ದುಗೆಯ ಮೇಲೆ ಕೆಂಪು ಗಡ್ಡದ ತುಕ್ಕರಾಯ. ಕಿಟಕಿಯಲ್ಲಿ ಸೂರ್ಯ ಗುಡ್ಡದಿಂದ ಎರಡು ಗೇಣು ಮೇಲಿದ್ದ.

ಜಕ್ಕಣ್ಣ ಹೆಂಡತಿಯನ್ನು ಇಳಿಸಿ ಅಡ್ಡಬಿದ್ದ. "ಒಡೆಯಾ, ಇದನ್ನ ವಾಪಸ್ಸು ತಗೊಳ್ಳಿ."

"ಮಾರಿದ ಸರಕು ವಾಪಸ್ಸು ತಗೊಳ್ಳೋ ಪದ್ಧತಿ ನನ್ನಲ್ಲಿಲ್ಲ," ಎಂದ ತುಕ್ಕರಾಯ.

ಜಕ್ಕಣ್ಣ ಕಠಾರಿಯನ್ನು ಅವನ ಮಡಿಲಿಗೆ ಎಸೆದ. ಅದು ಗಾಳಿಯಲ್ಲೇ ತಿರುಗಿ ಬಂದು ಇವನ ಸೊಂಟ ಸೇರಿತು. ಮತ್ತೆ ಎಸೆದ, ಮತ್ತೆ ಬಂತು. ಸೂರ್ಯ ಒಂದು ಗೇಣಿಗೆ ಇಳಿದ. ತುಕ್ಕು ಸಣ್ಣತಾಯಿಯ ಗಲ್ಲಕ್ಕೇರಿತು. ಏನು ಮಾಡುವುದು, ಯಾರನ್ನು ಕೇಳುವುದು? ಜಕ್ಕಣ್ಣ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ಓಡಾಡಿದ. ಆ ಗಾಬರಿಯಲ್ಲೂ, ಹುಟ್ಟುಗುಣ ಸುಟ್ಟರೂ ಹೋಗದಂತೆ, ಅವನ ಕಣ್ಣು ಒಂದು ಈಟಿಯ ಮರದ ಹಿಡಿಯ ಮೇಲೆ ನಿಂತಿತು.

"ಇದರ ಕಾವು ತುದಿಭಾರ," ಎಂದುಬಿಟ್ಟ ಬಾಯಿತಪ್ಪಿ.

ತುಕ್ಕರಾಯ ಗದ್ದುಗೆಯಿಂದ ಅರ್ಧ ಎದ್ದ. "ಏನಂದೆ? ಅದು ಬಿಲ್ವದ ಕಾವು. ಎಣ್ಣೆಯಲ್ಲಿ ಮೂರು ವರ್ಷ ನೆನೆಸಿದ್ದು. ಅದು ಹಾಗೇ ಇರಬೇಕು."

ಅವನ ಮೂಗಿನ ಹೊಳ್ಳೆಗಳು ಅರಳಿದ್ದವು. ಕಿವಿ ಕೆಂಪಗಾಗಿತ್ತು. ಆ ಮುಖ ಜಕ್ಕಣ್ಣನಿಗೆ ಚೆನ್ನಾಗಿ ಗೊತ್ತು. ತನ್ನ ಕೋವಿಗೆ ಯಾರಾದರೂ ಕುಂದು ಹೇಳಿದರೆ ತನಗೂ ಹೀಗೇ ಆಗುತ್ತಿತ್ತು. ಮನೆಗೆ ಬೆಂಕಿ ಬಿದ್ದರೂ ಮೊದಲು ಆ ವಾದ ಮುಗಿಯಬೇಕಿತ್ತು.

ಅವನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. "ಇರಲಿ ಬಿಡಿ. ಈಟಿ ಹೇಗಾದರೂ ನಡೆಯುತ್ತೆ. ಆದರೆ ಈ ಕಠಾರಿ ಮಾಡಿದವನಿಗೆ ಕೆಲಸ ಬರುತ್ತಿರಲಿಲ್ಲ ಅನ್ನೋದಂತೂ ಖಂಡಿತ."

"ಮಾಡಿದವನು ನಾನು."

"ಹೌದೇ? ಹಾಗಾದರೆ ತಪ್ಪು ತಿಳ್ಕೋಬೇಡಿ. ಒರೆ ನೋಡೋಕೆ ಚೆಂದ, ಒಳಗೆ ಅಳತೆ ತಪ್ಪಿದೆ. ಎಳೆದರೆ ನಡುವೆ ಕಚ್ಚಿಕೊಳ್ಳುತ್ತೆ. ಸಮಯಕ್ಕೆ ಬಾರದ ಕಠಾರಿಗಿಂತ ತರಕಾರಿ ಹೆಚ್ಚೋ ಚೂರಿ ಎಷ್ಟೋ ವಾಸಿ."

"ಕಚ್ಚಿಕೊಳ್ಳುತ್ತಾ?" ತುಕ್ಕರಾಯ ಗದ್ದುಗೆಯಿಂದ ಇಳಿದು ಬಂದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಎಳೆಯೋಕೆ ಬಾರದಿದ್ದರೆ ಅದು ಕಠಾರಿಯ ತಪ್ಪೇ? ಕೊಡು ಇಲ್ಲಿ."

"ಬೇಡಿ, ನಿಮ್ಮ ಕೈಲೂ ಆಗಲ್ಲ."

"ಕೊಡೋ ಮೂರ್ಖ," ಎಂದು ತುಕ್ಕರಾಯ ಅದನ್ನು ಕಿತ್ತುಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒರೆಯಿಂದ ಎಳೆದ. "ಎಲ್ಲಿ ಕಚ್ಚಿತು? ತೋರಿಸು, ಎಲ್ಲಿ ಕಚ್ಚಿತು?"

ಕೆಂಪು ಹುಡಿ ಅವನ ಕಾಲ ಮೇಲೆ ಉದುರಿತು. ಅದನ್ನು ನೋಡಿ, ತಾನು ಮಾಡಿಕೊಂಡದ್ದೇನೆಂದು ತಿಳಿಯುವಷ್ಟರಲ್ಲಿ ಅವನು ಸೊಂಟದವರೆಗೆ ಕಬ್ಬಿಣವಾಗಿದ್ದ. ಗಡ್ಡ ಕೊನೆಗೆ ತುಕ್ಕು ಹಿಡಿಯಿತು. ಆಮೇಲೆ ಇಡೀ ಮಾಂತ್ರಿಕ ಪುಡಿಪುಡಿಯಾಗಿ ನೆಲಕ್ಕೆ ಸುರಿದ. ಅದೇ ಹೊತ್ತಿಗೆ ಸೂರ್ಯ ಗುಡ್ಡದ ಹಿಂದೆ ಇಳಿದ.

ಕಂಬಗಳೆಲ್ಲ ಮೈಮುರಿದು ಮನುಷ್ಯರಾದವು. ಗಂಡಸರು, ಹೆಂಗಸರು, ಯಾವುದೋ ಕಾಲದ ಸೇನಾಪತಿಗಳು ತಮ್ಮ ತಮ್ಮ ಕೈಕಾಲು ಮುಟ್ಟಿ ನೋಡಿಕೊಂಡು ಅತ್ತರು, ನಕ್ಕರು. ಸಣ್ಣತಾಯಿ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಹಗ್ಗ ಅಷ್ಟು ಬಿಗಿ ಕಟ್ಟೋದಾ?" ಎಂದಳು.

ಜಕ್ಕಣ್ಣ ಅವಳ ಕಾಲ ಬಳಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ತಲೆಯ ಮೇಲೆ ಇಟ್ಟ ಕೈಯನ್ನು ಅಳು ಮುಗಿಯುವವರೆಗೂ ತೆಗೆಯಲಿಲ್ಲ.

ಹಿಂದಿರುಗುವಾಗ ಹಕ್ಕಿ ದಾರಿ ಬಿಟ್ಟಿತು, ಹುಲಿ ಒಂದೇ ಒಂದು ಕೋವಿ ಹಿಂದಕ್ಕೆ ಕೊಟ್ಟಿತು, ಆಮೆ ಇಬ್ಬರನ್ನೂ ದಾಟಿಸಿತು. ಕಂಚಿನಕೋಟೆಯ ರಾಜ ಊರಿಗೆಲ್ಲ ಸಿಹಿಯೂಟ ಹಾಕಿಸಿದ. ರಾಗಿ ಮಡಕೆಗಳು ಜಗಲಿಯಿಂದ ಒಳಗೆ ಬಂದವು. ಆ ರಾಜ್ಯದಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು.

ಜಕ್ಕಣ್ಣನೂ ಸುಖವಾಗಿಯೇ ಇದ್ದ, ಮನಸ್ಸು ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಊಟಕ್ಕೆ ಕೂತವನು ನಡುವೆ ಎದ್ದುಬಿಡುತ್ತಿದ್ದ. ಆದರೆ ಈಗ ಹೋಗಿ ನೋಡುತ್ತಿದ್ದದ್ದು ಕೋವಿಯನ್ನಲ್ಲ. ಒಲೆಯ ಮುಂದೆ ಕೂತ ಸಣ್ಣತಾಯಿಯ ಪಾದವನ್ನು ಮೆಲ್ಲಗೆ ಮುಟ್ಟಿ ನೋಡುತ್ತಿದ್ದ.

"ಬೆಚ್ಚಗಿದೆ ಕಣ್ರೀ," ಎನ್ನುತ್ತಿದ್ದಳು ಅವಳು, ತಿರುಗಿಯೂ ನೋಡದೆ. "ಹೋಗಿ ಊಟ ಮಾಡಿ."