ಕೊಡ ತುಳುಕದ ಗಾಡಿ

ಆ ಮೋಟಾರು ಗಾಡಿಗೆ ಎಷ್ಟು ಖರ್ಚು ಬಿತ್ತೆಂದು ಹತ್ತಿಮತ್ತೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೆರೆಯ ಕೆಳಗಿನ ನಾಲ್ಕು ಎಕರೆ ಎರೆಹೊಲ, ಒಂದು ಜೋಡಿ ಎತ್ತು, ಮೇಲೆ ಗಾಡಿಯವನ ತಾಯಿ ವೀರವ್ವನ ಬಂಗಾರದ ಡಾಬು. ಟೈರಿಗೆಂದು ವರ್ಷವರ್ಷ ಹೋಗುವ ಹತ್ತಿಯ ದುಡ್ಡು ಬೇರೆ.

ಹೊನ್ನವ್ವನ ಲೆಕ್ಕದಲ್ಲಿ ಇನ್ನೊಂದು ಬಾಬತ್ತು ಇತ್ತು. ಅದನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ.

ಆ ಗಾಡಿ ಅವಳ ಗಂಡನನ್ನೂ ನುಂಗಿತ್ತು!

ಬಸವಣ್ಣೆಪ್ಪನನ್ನು ಮೊದಲ ಸಲ ಕಂಡ ದಿನವೇ ಅವಳಿಗೆ ಇದು ತಿಳಿಯಬೇಕಿತ್ತು.

ಅಂದು ರಟ್ಟೀಹಳ್ಳಿಯ ತವರುಮನೆಯ ಮುಂದೆ ಒಂದು ಕಾರು ಬುಸ್ಸೆಂದು ಹೊಗೆ ಬಿಡುತ್ತ ನಿಂತಿತ್ತು. ಹೊನ್ನವ್ವ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಾವಿಯಿಂದ ಬರುತ್ತಿದ್ದಳು. ಗಾಡಿಯೊಳಗೆ ತಲೆ ತೂರಿಸಿ ನಿಂತಿದ್ದ ಒಬ್ಬ ಹೊರಳಿ ನೋಡಿದ. ಮುಖವೆಲ್ಲ ಮಸಿ. ಆ ಮಸಿಯೊಳಗಿಂದ ಎರಡು ಕಣ್ಣು ಅವಳನ್ನೇ ದಿಟ್ಟಿಸಿದವು.

"ಒಂದೀಟು ನೀರು ಕೊಡ್ತೀರೇನ್ರಿ?"

ಅವಳು ತಂಬಿಗೆ ತುಂಬಿ ಚಾಚಿದಳು. ಅವನು ಅದನ್ನು ತುಟಿಗೆ ತಾಗಿಸಲೇ ಇಲ್ಲ. ಅಷ್ಟನ್ನೂ ಗಾಡಿಯ ಬಾಯಿಗೆ ಸುರಿದುಬಿಟ್ಟ!

"ನಿಮಗ ಬ್ಯಾಡೇನ್ರಿ?"

"ಮೊದಲ ಇದಕ್ಕ. ಇದರ ನೀರಡಿಕಿ ಹೋದ್ರ ನಂದೂ ಹೋದಂಗ."

ಎಂದು ನಕ್ಕ. ಮಸಿಯ ನಡುವೆ ಹಲ್ಲು ಬೆಳ್ಳಗೆ ಹೊಳೆದವು. 'ಹುಚ್ಚಪ್ಪ! ಆದರೂ ನಗು ಎಷ್ಟು ಚಂದೈತಿ...' ಎಂದುಕೊಂಡಳು ಅವಳು.

ಸ್ವಲ್ಪ ಹೊತ್ತಿಗೆ ಅವಳಿಗೆ ಸೀರೆ ಉಡಿಸಿ, ಕೈಗೆ ಅವಲಕ್ಕಿಯ ತಟ್ಟೆ ಕೊಟ್ಟು ಪಡಸಾಲೆಗೆ ಕಳಿಸಿದರು. ಹೆಣ್ಣು ನೋಡಲು ಬಂದವನು ಅವನೇ! ಮುಖ ತೊಳೆದಿದ್ದ, ಕಿವಿಯ ಹಿಂದೆ ಮಾತ್ರ ಮಸಿ ಉಳಿದಿತ್ತು.

*

ಅದಾಗಿ ಒಂಬತ್ತು ವರ್ಷ.

ಒಂಬತ್ತು ವರ್ಷವೂ ಅವನು ಮೊದಲು ಗಾಡಿಗೇ ನೀರು ಕೊಟ್ಟ. ಹುಣಸೆಹಣ್ಣು ಹಾಕಿ ಅದರ ಹಿತ್ತಾಳೆ ತಿಕ್ಕುವನು, ಮೇಲಿನ ಮಡಿಸುವ ಹುಡ್ಡಿನ ಚರ್ಮಕ್ಕೆ ಔಡಲೆಣ್ಣೆ ಸವರುವನು, ಸಂಜೆ ಗೋಣಿಯ ಹೊದಿಕೆ ಹೊಚ್ಚಿ ಮಲಗಿಸುವನು. ಯಾರಾದರೂ ಬಾಗಿಲಿಗೆ ಕೈ ಆನಿಸಿದರೆ ಅವನ ಜೀವ ಕಡಿದಂತಾಗುತ್ತಿತ್ತು.

ಹೊನ್ನವ್ವ ಎರಡು ಸಲ ಹೆತ್ತಳು. ಎರಡು ಕೂಸೂ ಉಳಿಯಲಿಲ್ಲ. ಎರಡನೆಯದರ ನಂತರ ಅವಳ ಸೊಂಟವೇ ಹೋಯಿತು. ಹೊಟ್ಟೆಯೊಳಗೆ ಸದಾ ಒಂದು ಉರಿ, ನಿಲ್ಲದ ರಕ್ತ. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಎತ್ತಿನ ಚಕ್ಕಡಿಯಲ್ಲಿ ಊರ ಅಗಸಿ ಬಾಗಿಲು ದಾಟುವಷ್ಟರಲ್ಲೇ ಕಣ್ಣು ಕತ್ತಲಿಡುತ್ತಿತ್ತು. ಯುದ್ಧದ ದಿನಗಳ ರೈಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ, ಮಲಗುವುದೆಲ್ಲಿ ಬಂತು?

ಅತ್ತೆ ವೀರವ್ವ ಕೆಟ್ಟವಳಲ್ಲ. ಸೊಸೆಗೆ ಕೈಯಾರೆ ಗಂಜಿ ಕುಡಿಸುತ್ತಿದ್ದವಳೂ ಅವಳೇ. ಆದರೂ ಒಂದು ದಿನ ಸೊಸೆಯ ಎದುರಿಗೇ ಮಾತು ತೆಗೆದಳು.

"ಬಸಣ್ಣ, ಶಿಗ್ಗಾಂವಿಯಾಗ ಒಂದು ಹೆಣ್ಣೈತಿ. ಹೊನ್ನವ್ವ ಹಿರೇಸೊಸಿ ಆಗೇ ಇರ್ಲಿ, ಆಕೀ ಮರ್ಯಾದಿಗೆ ಏನೂ ಕಡಿಮಿ ಮಾಡೂದಿಲ್ಲ. ಆದ್ರ ಈ ಮನ್ಯಾಗ ಒಂದು ತೊಟ್ಲ ತೂಗಬೇಕಲ್ಲೋ?"

ಹೊನ್ನವ್ವ ಗಂಡನ ಮುಖ ನೋಡಿದಳು. 'ಬ್ಯಾಡ ಅನ್ರಿ... ಒಂದ ಮಾತು, ಬ್ಯಾಡ ಅನ್ರಿ...'

ಬಸವಣ್ಣೆಪ್ಪ ಕೈಯಲ್ಲಿದ್ದ ನಟ್ಟು ಒರೆಸುತ್ತಲೇ ಇದ್ದ. ತಲೆ ಎತ್ತಲಿಲ್ಲ.

"ಗಾಡಿ ಕೆಲಸ ಮುಗೀಲಿ ಯವ್ವಾ. ಆಮ್ಯಾಲ ನೋಡೂಣು."

ಅಷ್ಟೇ! ವೀರವ್ವನ ಮುಖ ಅರಳಿತು. ಹೊನ್ನವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

*

ಪೆಟ್ರೋಲಿಗೆ ಆಗ ಸರ್ಕಾರದ ರೇಷನ್ ಚೀಟಿ ಬೇಕಿತ್ತು. ಗಾಡಿ ಹಿತ್ತಲು ಬಿಟ್ಟು ತಿಂಗಳುಗಳೇ ಆಗಿದ್ದವು. ಸಿಕ್ಕ ಪೆಟ್ರೋಲನ್ನು ಬಸವಣ್ಣೆಪ್ಪ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದ. ಮನೆಯ ಚಿಮಣಿ ದೀಪದ ಸೀಮೆಎಣ್ಣೆಯೂ ಎಲ್ಲಿಗೋ ಮಾಯ. "ಯುದ್ಧ ಐತಿ, ಔಡಲೆಣ್ಣಿ ದೀಪ ಹಚ್ಚರಿ" ಎಂದು ಅವನೇ ಹೇಳುತ್ತಿದ್ದ.

ಆದರೆ ಗಾಡಿಯ ಕೆಲಸ ಮಾತ್ರ ನಡೆದೇ ಇತ್ತು. ಜಾಲಿಯ ಹಲಗೆ ಕೊಯ್ದು, ಹತ್ತುವ ಮೆಟ್ಟಿಲಿನ ಕೆಳಗೆ ಇನ್ನೊಂದು ಗಿಡ್ಡ ಮೆಟ್ಟಿಲು ಹೊಡೆದ. ಎಡಗಡೆಯ ಮುಂದಿನ ಸೀಟಿನ ಬೆನ್ನು ಕತ್ತರಿಸಿ, ಹಿಂದಕ್ಕೆ ಮಲಗುವಂತೆ ಬಿಜಾಗರಿ ಕೂಡಿಸಿದ. ಯಾರ ಕಣ್ಣಿಗೂ ಥಟ್ಟನೆ ಬೀಳದ ಕೆಲಸ. ಹೊನ್ನವ್ವ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು.

ಒಂದು ಮುಂಜಾನೆ ಇಡೀ ಓಣಿಯೇ ನಗತೊಡಗಿತು. ಬಸವಣ್ಣೆಪ್ಪ ಗಾಡಿಗೆ ಎತ್ತು ಹೂಡಿ ಕಣದ ಸುತ್ತ ಎಳೆಸುತ್ತಿದ್ದ! ಸೀಟಿನ ಮೇಲೆ ತುಂಬಿದ ಕೊಡ. ಒಂದು ಸುತ್ತು ಬಂದು, ಎಷ್ಟು ನೀರು ಚೆಲ್ಲಿತೆಂದು ಬಗ್ಗಿ ನೋಡುವನು. ಕೆಳಗೆ ತೂರಿ, ಕಮಾನು ಸ್ಪ್ರಿಂಗಿನ ಒಂದು ಉಕ್ಕಿನ ಪಟ್ಟಿ ಬಿಚ್ಚಿ ಹಾಕುವನು. ಮತ್ತೆ ಕೊಡ ತುಂಬುವನು, ಮತ್ತೆ ಸುತ್ತು.

"ಬಸಣ್ಣಾ, ಕೊಡಕ್ಕ ಟಿಕೆಟ್ ತಗಸೀಯೇನೋ?" ಒಬ್ಬ ಕೂಗಿದ.

"ಅಷ್ಟೂ ತಿಳಿಯೂದಿಲ್ಲೇನೋ? ಐರಾಣಿ ಗಡಿಗಿ ತರಾಕ ತಾಲೀಮು ನಡದೈತಿ!" ಎಂದ ಇನ್ನೊಬ್ಬ.

ನಗು ಜೋರಾಯಿತು. ಹೊನ್ನವ್ವ ಮಾತ್ರ ಕಿಟಕಿ ಮುಚ್ಚಿದಳು. ಮದುವೆಗೆ ಕುಂಬಾರರ ಮನೆಯಿಂದ ಐರಾಣಿ ಗಡಿಗೆ ತರುವುದು ಪದ್ಧತಿ. ಅದು ಬಿರುಕು ಬಿಟ್ಟರೂ ಅಪಶಕುನ. ಗಂಡ ಎಷ್ಟು ಜೋಪಾನದಿಂದ ತಯಾರಿ ನಡೆಸಿದ್ದಾನೆ...!

ಅದೇ ವಾರ ಗಾದಿ ಹೊಲಿಯುವ ರಮಜಾನಬಿ, ತಲೆಯ ತುಂಬ ಹತ್ತಿಯ ಎಳೆ ಅಂಟಿಸಿಕೊಂಡೇ, ಹಿತ್ತಲಿನಿಂದ ಹೊರಬಂದಳು. ಕಂಕುಳಲ್ಲಿ ಹೊಚ್ಚ ಹೊಸ ಖಣದ ಅರಿವೆ. ಕೆಂಪು ಅಂಚು, ಹಸಿರು ಒಡಲು.

"ಖಣ ಯಾರಿಗ, ರಮಜಾನಬಿ?"

"ನಿನ್ನ ಗಂಡನ್ನ ಕೇಳವ್ವಾ. ನನ್ನ ಬಾಯಿಗೆ ಅಂವ ಕೀಲಿ ಹಾಕ್ಯಾನ."

"ಕುಬಸಕ್ಕೇನು?"

"ನನಗ ಕುಬಸ ಹೊಲಿಯಾಕ ಎಲ್ಲಿ ಬರತೈತಿ, ಹುಚ್ಚವ್ವಾ!" ರಮಜಾನಬಿ ನಗುತ್ತ ಹೊರಟೇಹೋದಳು.

ಆ ನಗು ಹೊನ್ನವ್ವನನ್ನು ಇರಿಯಿತು. ಹೆಣ್ಣು ಗೊತ್ತಾದ ಮನೆಗೆ ಹಸಿರು ಖಣ ಕೊಟ್ಟು ಬರುತ್ತಾರೆ. ಇನ್ನೇನು ಉಳಿಯಿತು?

ಅವಳು ಅಳಲಿಲ್ಲ. ಅತ್ತರೆ ಹೊಟ್ಟೆ ನೋಯುತ್ತಿತ್ತು. ಗೋಡೆ ಹಿಡಿದು, ಕಂಬ ಹಿಡಿದು ಹಿತ್ತಲಿಗೆ ಹೋದಳು.

"ನೋಡ್ರಿ... ನನ್ನ ಒಪ್ಪಿಗಿ ಐತ್ರಿ."

ಗಾಡಿಯ ಕೆಳಗಿನಿಂದ ಅವನ ಮುಖ ಹೊರಬಂತು. ಅಂದಿನದೇ ಮಸಿ, ಅವೇ ಕಣ್ಣು.

"ನಿನಗ ಯಾರು ಹೇಳಿದ್ರು? ರಮಜಾನಬಿ?"

"ಯಾರ ಹೇಳಬೇಕ್ರಿ? ನನಗ ಕಣ್ಣಿಲ್ಲೇನು?"

ಅವನು ದೊಡ್ಡದೊಂದು ಉಸಿರು ಬಿಟ್ಟ. "ಛಲೋ ಆತು. ಹೆಂಗ ಹೇಳೂದಂತ ನನಗೂ ತಿಳಿವಲ್ದಾಗಿತ್ತು. ಸೋಮವಾರ ಹೋಗೂಣು. ನೀನೂ ಬರಬೇಕು."

"ನಾ ಯಾಕ್ರಿ?!"

"ನೀ ಇಲ್ಲದ ಆ ಕೆಲಸ ಹೆಂಗ ಆಗತೈತಿ?"

ನಿಜ. ಹಿರಿಯ ಹೆಂಡತಿ ಕೈಯಾರೆ ಕುಂಕುಮ ಹಚ್ಚಿದರೇ ಕಿರಿಯವಳು ಹೊಸ್ತಿಲು ದಾಟುವುದು. 'ಅಷ್ಟೂ ನನ್ನ ಕೈಲೆ ಮಾಡಸ್ತೀರೇನ್ರಿ...?' ಎಂದು ಮನಸ್ಸು ಚೀರಿತು. ಬಾಯಿ ಮಾತ್ರ "ಆತ್ರಿ" ಎಂದಿತು.

*

ಸೋಮವಾರ ಬೆಳಿಗ್ಗೆ ವೀರವ್ವ ಗಾಡಿಯ ಹಣೆಗೆ ವಿಭೂತಿ ಹಚ್ಚಿ ಕಾಯಿ ಒಡೆದಳು.

"ಶಿಗ್ಗಾಂವಿ ದಾರಿಲೇ ಹೊಂಟೇವಿ ಯವ್ವಾ. ದಿನ ಹತ್ತತಾವು," ಎಂದ ಮಗ.

"ಹತ್ತಲಿ, ಹತ್ತಲಿ! ಒಳ್ಳೇ ಸುದ್ದಿ ತರ್ರಿ."

ಹೊನ್ನವ್ವ ಸೆರಗಿನಲ್ಲಿ ಕುಂಕುಮದ ಭರಣಿ ಕಟ್ಟಿಕೊಂಡು ಬಂದಳು. ಗಿಡ್ಡ ಮೆಟ್ಟಿಲಿಗೆ ಅವಳ ಕಾಲು ಸಲೀಸಾಗಿ ಎಟುಕಿತು. ಒಳಗೆ ಮೆತ್ತನೆಯ ಗಾದಿ, ಮೇಲೆ ಹಸಿರು ಖಣದ ಹೊದಿಕೆ. 'ಬರುವಾಗ ಆಕೀನ್ನ ಇದರ ಮ್ಯಾಲ ಕೂಡ್ರಸ್ತಾರ...' ಎಂದುಕೊಂಡು ಕಣ್ಣು ಮುಚ್ಚಿ ಒರಗಿದಳು.

ಗಾಡಿ ಹೊರಟಿತು. ಊರು ದಾಟುತ್ತಲೇ ಅವನು ಯಾವುದೋ ನಲ್ಲಿ ತಿರುವಿದ. ಎಂಜಿನ್ನು ಕೆಮ್ಮಿತು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು.

"ಚಿಮಣಿ ಎಣ್ಣಿ ವಾಸನಿ ಬರಾಕತ್ತೇತ್ರಿ!"

"ಹೌದು. ಪೆಟ್ರೋಲಿನ ಮ್ಯಾಲ ಎಂಜಿನ್ ಬಿಸಿ ಮಾಡೂದು, ಆಮ್ಯಾಲ ಚಿಮಣಿ ಎಣ್ಣಿ. ಹಾನಗಲ್ಲಿನ ಬಸ್ಸಿನ ಡ್ರೈವರ್ ಹೇಳಿಕೊಟ್ಟ."

"ಗಾಡಿಗೆ ಏನೂ ಆಗೂದಿಲ್ಲೇನ್ರಿ?"

ಒಂದೊಂದು ಬಡಿತಕ್ಕೂ ಅವನು ಮುಖ ಕಿವುಚುತ್ತಿದ್ದ. 'ಯಾರ ಕೈಯನ್ನೂ ತಾಗಿಸದ ಗಾಡಿಗೆ ಇಂಥಾ ಶಿಕ್ಷೆ... ಆಕೀ ಸಲುವಾಗಿ! ಎಂಥಾ ಚೆಲುವಿ ಇರಬೇಕು ಆಕಿ!'

ಸವಣೂರು ಹಿಂದೆ ಬಿತ್ತು. ಶಿಗ್ಗಾಂವಿಯ ಮನೆಗಳು ಕಂಡವು. ಹೊನ್ನವ್ವ ಭರಣಿಯನ್ನು ಬಿಗಿಯಾಗಿ ಹಿಡಿದು ಎದ್ದು ಕುಳಿತಳು. ಪೇಟೆ ಬಂತು... ಪೇಟೆ ಮುಗಿಯಿತು. ಕಡೆಯ ಮನೆಯೂ ಹಿಂದಾಯಿತು!

"ಊರು ದಾಟಿತ್ರಿ! ನಿಂದರಸ್ರಿ!"

"ಯಾಕ? ನೋವಾತೇನು?"

"ಹೆಣ್ಣಿನ ಮನಿ ಹಿಂದ ಉಳೀತಲ್ರಿ!"

ಗಾಡಿ ನಿಂತಿತು. ಅವನು ಮೆಲ್ಲಗೆ ಹೊರಳಿದ.

"ಯಾವ ಹೆಣ್ಣು? ನಾವು ಹೊಂಟಿದ್ದು ಹುಬ್ಬಳ್ಳಿ ದವಾಖಾನಿಗೆ. ಅಲ್ಲಿ ಡಾಕ್ಟರಬಾಯಿ ಅದಾರ. ನೀ ಒಪ್ಪಿಗಿ ಕೊಟ್ಟಿದ್ದಿ..."

"ನಾ ಒಪ್ಪಿಗಿ ಕೊಟ್ಟಿದ್ದು ಸವತಿಗೆ ರೀ!"

ಭರಣಿ ಕೈಜಾರಿ ಬಿತ್ತು. ಖಣದ ಮೇಲೆಲ್ಲ ಕುಂಕುಮ. ಬಸವಣ್ಣೆಪ್ಪ ಸ್ಟೇರಿಂಗಿಗೆ ಹಣೆ ಹಚ್ಚಿಬಿಟ್ಟ.

"ಗಾಡಿ ಜೊತಿ ಬಾಳೇವು ಮಾಡಿ ಮಾಡಿ, ಮನಿಷಾರ ಜೊತಿ ಮಾತಾಡೂದ ಮರತೇನಿ ನಾ..."

"ಅವ್ವಗ ಯಾಕ ಬ್ಯಾಡ ಅನ್ನಲಿಲ್ರಿ ಮತ್ತ?"

"ಬ್ಯಾಡ ಅಂದಿದ್ರ ಜಗಳ. ದವಾಖಾನಿ ಅಂದಿದ್ರ, ಹೊಟ್ಟಿ ಕೊಯ್ತಾರ ಅಂತ ಬಾಗಲಕ್ಕ ಅಡ್ಡ ಮಲಗ್ತಿದ್ಲು. ನಿನಗ ಹೇಳಿದ್ರ ನಿನ್ನ ಬಾಯಾಗ ಮಾತು ನಿಲ್ಲೂದಿಲ್ಲ. ಗಾಡಿ ತಯಾರಾಗೂ ಮಟಾ ಸುಮ್ನಿರೂಣು ಅಂತ..."

"ಆ ಕೊಡ?"

"ನೀ ಅಂತ ತಿಳಕೊಂಡ ಇಟ್ಟಿದ್ದೆ. ನೀರು ಚೆಲ್ಲಿದ್ರ ನಿನಗ ನೋವಾಗತೈತಿ ಅಂತ ಲೆಕ್ಕ."

ಹೊನ್ನವ್ವ ಅಂದು ಅತ್ತಳು. ಹೊಟ್ಟೆ ನೋಯುತ್ತಿದ್ದರೂ ಅತ್ತಳು.

*

ಡಾಕ್ಟರಬಾಯಿ ಸಿಟ್ಟಿನಿಂದಲೇ ಮಾತಾಡಿದರು. ಬಹಳ ತಡವಾಗಿತ್ತು. ಗರ್ಭದ ಚೀಲ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ. ತೆಗೆದರೂ ಸೊಂಟ ಮೊದಲಿನಂತಾಗುವುದಿಲ್ಲ. ಕೂಸಿನ ಆಸೆ ಅಲ್ಲಿಗೇ ಮುಗಿಯಿತು.

ತೆಗೆದರು. ಎಚ್ಚರವಾದ ದಿನ ಹೊನ್ನವ್ವ ಛಾವಣಿ ನೋಡುತ್ತ ಹೇಳಿದಳು.

"ಈಗರ ಶಿಗ್ಗಾಂವಿ ಹೆಣ್ಣು ತರ್ರಿ. ಈ ಸಲ ತಿಳದ ಒಪ್ಪಿಗಿ ಕೊಡಾಕತ್ತೇನಿ."

ಅವನು ಎದ್ದು ಗಾಡಿಯ ಕಡೆ ಹೋದ. ಅವಳೂ ಮತ್ತೆ ಕೇಳಲಿಲ್ಲ. ಅವನಿಗೂ ಒಪ್ಪಿಗೆಯೇ ಇರಬೇಕು ಎಂದುಕೊಂಡಳು...

ಗಾಯ ಮಾಯ್ದ ಮೇಲೆ ಊರಿಗೆ ಹೊರಟರು. ಡಬ್ಬಿಯಲ್ಲಿ ಉಳಿದದ್ದು ತಳದ ಪೆಟ್ರೋಲು. ಉಳಿದ ದಾರಿಯೆಲ್ಲ ಚಿಮಣಿ ಎಣ್ಣೆಯ ಮೇಲೆಯೇ. ಸವಣೂರು ದಾಟಿ ಸ್ವಲ್ಪ ದೂರದಲ್ಲಿ ಎಂಜಿನ್ನು ಒಮ್ಮೆ ಕಿರುಚಿ, ನಡುಗಿ, ನಿಂತುಬಿಟ್ಟಿತು.

ಅವನು ಮುಚ್ಚಳ ಎತ್ತಿ ನೋಡಿದ. ಹ್ಯಾಂಡಲ್ ಹಾಕಿದ, ಅದು ಕದಲಲಿಲ್ಲ. ಬಂದು ತಾನೇ ಮಾಡಿದ ಗಿಡ್ಡ ಮೆಟ್ಟಿಲಿನ ಮೇಲೆ ಕುಳಿತ.

"ಏನಾತ್ರಿ?"

"ಸತ್ತೈತಿ. ಚಿಮಣಿ ಎಣ್ಣಿಗೆ ಒಳಗಿನ ಎಣ್ಣಿ ತೆಳ್ಳಗಾಗಿ, ಎಲ್ಲಾ ಒಂದಕ್ಕೊಂದು ಕಚ್ಚಿಕೊಂಡಾವು. ಹಿಂಗ ಆಗತೈತಿ ಅಂತ ಹೋಗುವಾಗನ ಗೊತ್ತಿತ್ತು."

"ಗೊತ್ತಿದ್ದೂ...?"

"ಗೊತ್ತಿದ್ದೂ."

ಸುತ್ತ ಹತ್ತಿಯ ಹೊಲ, ಉರಿಯುವ ಬಿಸಿಲು. ಗಾಡಿಯ ಬಾಯಿಂದ ಹಬೆ ಏಳುತ್ತಿತ್ತು. ತಂಬಿಗೆಯಲ್ಲಿ ಇದ್ದದ್ದು ಸ್ವಲ್ಪ ನೀರು. ಹೊನ್ನವ್ವ ಅದನ್ನು ಅವನತ್ತ ಚಾಚಿದಳು.

"ಹಾಕ್ರಿ. ಮೊದಲ ಇದಕ್ಕಲ್ರಿ?"

ಅವನು ತಂಬಿಗೆ ತೆಗೆದುಕೊಂಡ. ಗಾಡಿಯ ಕಡೆ ನೋಡಿದ. ಆಮೇಲೆ ಅದನ್ನು ಅವಳ ತುಟಿಗೇ ಹಿಡಿದ.

"ಮೊದಲ ನಿನಗ."

ಅವಳು ಒಂದು ಗುಟುಕು ಕುಡಿದು ಉಳಿದದ್ದನ್ನು ಅವನ ಕೈಗಿಟ್ಟಳು.

"ಮನೀಗೆ ಹೋದಮ್ಯಾಲ ಅವ್ವಗ ಏನಂತೀರಿ?"

"ಬ್ಯಾಡ ಅಂತೇನಿ."

"ಅಷ್ಟನ?"

"ಅಷ್ಟ. ಅವತ್ತ ಅನ್ನಬೇಕಿತ್ತು, ಹೊನ್ನೀ."

ಒಂಬತ್ತು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

"ನಿಮ್ಮ ಕಿವಿ ಹಿಂದ ಮಸಿ ಐತ್ರಿ," ಎಂದಳು.

"ಒರಸು."

ಅವಳು ಸೆರಗಿನಿಂದ ಒರೆಸಿದಳು.

ಸಂಜೆ ದಾರಿಹೋಕರ ಎತ್ತುಗಳು ಗಾಡಿಯನ್ನು ಊರಿಗೆ ಎಳೆದು ತಂದವು. ಅದು ಮತ್ತೆಂದೂ ನಡೆಯಲಿಲ್ಲ. ಆ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ವೀರವ್ವ ಸಾಯುವ ತನಕ ಮಗನೊಡನೆ ನೆಟ್ಟಗೆ ಮಾತಾಡಲಿಲ್ಲ. ಹೊನ್ನವ್ವನಿಗೆ ಜೀವ ಉಳಿಯಿತು, ಗಂಡ ಸಿಕ್ಕಿದ.