ಕೆಂಪು ಕ್ಲಿಪ್ ಯಾರ ಹತ್ತಿರ ಇತ್ತು?

ವಿಮಾನ ಮೂತಿ ಕೆಳಗಾಗಿ ಬಿತ್ತು.

ದೇವರಮನೆ ಎಂಬ ಹುಲ್ಲುಗುಡ್ಡದ ಮೇಲೆ ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಎರಡು ಸುತ್ತು ಎಷ್ಟು ಚೆನ್ನಾಗಿ ಹಾರಿತ್ತು! ಅಷ್ಟರಲ್ಲಿ ಮಂಜು ಏರಿ ಬಂತು. ಆದರೂ ವಿಮಾನ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಅದರ ಬಾಲ ಪಟಪಟ ಬಡಿದುಕೊಂಡಿತು — ದಡಕ್ಕೆ ಎಸೆದ ಮೀನಿನ ಹಾಗೆ. ಮರುಗಳಿಗೆ ನೆಲಕ್ಕೆ ಬಿತ್ತು.

"ನಂದೇ ತಪ್ಪು," ಎಂದರು ನನ್ನ ಗಂಡ ಅಶ್ವಿನ್. "ಎಲ್ಲೋ ಬೆಸುಗೆ ಬಿಟ್ಟಿರ್ಬೇಕು."

ಮಾವ ಸೋಮಶೇಖರಪ್ಪನವರು ತುಟಿ ಪಿಟಕ್ಕೆನ್ನದೆ ಜೀಪಿನತ್ತ ನಡೆದರು. ಅವರು ಬೈದಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅದು 2005ರ ನವೆಂಬರ್. ಮೂಡಿಗೆರೆ ಹತ್ತಿರದ ನಮ್ಮ ಕಾಫಿತೋಟದಲ್ಲಿ ಅಶ್ವಿನ್ ಕೈ ಹಾಕಿದ್ದೆಲ್ಲ ಅರ್ಧಕ್ಕೇ ನಿಂತಿತ್ತು. ಅಣಬೆ, ಮೊಲ, ಮೆಣಸು ಒಣಗಿಸುವ ಯಂತ್ರ, ಎಲ್ಲವೂ. ಈ ರಿಮೋಟ್ ವಿಮಾನವೊಂದನ್ನು ಮಾತ್ರ ಅವರು ಬಿಡಲಿಲ್ಲ. ಹೊಸ ಫ್ರಿಜ್‌ನ ಜೊತೆ ಬಂದ ಥರ್ಮೋಕೋಲನ್ನು ಕಾದ ತಂತಿಯಲ್ಲಿ ಕೊಯ್ದು, ರೆಕ್ಕೆಯೊಳಗೆ ಬಿದಿರುಕಡ್ಡಿ ಕೊಟ್ಟು, ಮಳೆಗಾಲವಿಡೀ ನನ್ನ ಊಟದ ಮೇಜಿನ ಮೇಲೇ ಕಟ್ಟಿದರು. ಸಾರಿನಲ್ಲೂ ಥರ್ಮೋಕೋಲ್ ಕಾಳು! ಬಾಯಿಗೆ ಬಂದಂತೆ ಬೈದಿದ್ದೇನೆ. ಆದರೆ ಆ ಮನುಷ್ಯ ಅಷ್ಟು ಖುಷಿಯಾಗಿದ್ದುದನ್ನು ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ.

ಮಾವ ಒಂದು ಮಾತು ಹೇಳಿದ್ದರು: "ಹಾರಿದ್ರೆ ಕಾಫಿಹಣ್ಣು ಬಿಡಿಸೋ ಹಳೇ ಪಲ್ಪರ್ ಶೆಡ್ ನಿಂದು. ವರ್ಕ್‌ಶಾಪ್ ಮಾಡ್ಕೋ. ಬಿದ್ರೆ ಈ ಆಟ ಇಲ್ಲಿಗೆ ಸಾಕು. ಹೋಂಸ್ಟೇ ಮಾಡ್ತೀನಿ ಅಂತ ಶೆಡ್ ಕೇಳ್ದೋರು ಇದ್ದಾರೆ, ಕೊಟ್ಬಿಡ್ತೀನಿ."

ಈಗ ಬಿದ್ದಿತ್ತಲ್ಲ!

ಮನೆ ತಲುಪಿದ ಕೂಡಲೇ ನಾನು ತೋಟದ ಮೇಸ್ತ್ರಿ ಬಸವರಾಜಪ್ಪನ ಮೇಲೆ ಹಾರಿಬಿದ್ದೆ. ವಿಮಾನವನ್ನು ಜೀಪಿಗೆ ಏರಿಸಿದ್ದು ಅವನೇ.

"ಎಲ್ಲಿ ಎತ್ತಿ ಹಾಕಿದ್ರಿ? ನಿಜ ಹೇಳಿ!"

"ಅಯ್ಯೋ ಅಮ್ಮ, ಕೂಸನ್ನ ಹಿಡ್ದಂಗೆ ಹಿಡ್ದಿದ್ದೆ. ದೇವ್ರಾಣೆ!"

ಅಶ್ವಿನ್ ನಮ್ಮ ಜಗಳ ಕೇಳಿಸಿಕೊಳ್ಳಲೇ ಇಲ್ಲ. ಮುರಿದ ವಿಮಾನವನ್ನು ಎತ್ತಿಕೊಂಡು ಬಚ್ಚಲ ಒಲೆಯತ್ತ ಹೊರಟರು.

"ತಡಿ ಮಾರಾಯ! ಪಂಚನಾಮೆ ಆಗ್ದೆ ಹೆಣ ಸುಡ್ತಾರಾ?"

ಜಗಲಿಯ ಮೇಲೆ ಕೂತಿದ್ದ ಬೆಳ್ಳಿಯಪ್ಪನವರು. ಪೊಲೀಸ್ ವೈರ್‌ಲೆಸ್‌ನಲ್ಲಿದ್ದು ನಿವೃತ್ತರಾದವರು, ಮಾವನ ಗೆಳೆಯರು. ನಮ್ಮ ಜೊತೆ ನೋಡಲೆಂದು ಬಂದಿದ್ದರು.

"ಬ್ಯಾಟರಿ ಕೊಡು. ರಿಮೋಟ್ ಹಾಕು."

ಅಶ್ವಿನ್ ರಿಮೋಟಿನ ಕಡ್ಡಿ ಅಲ್ಲಾಡಿಸಿದರು. ಮುರಿದ ವಿಮಾನದ ಬಾಲ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಹೇಳಿದಂತೆ ಕೇಳಿತು.

"ಬೆಸುಗೆ ಗಟ್ಟಿ ಇದೆ. ನಿನ್ನ ತಪ್ಪಲ್ಲ, ಬಸವರಾಜಪ್ಪಂದೂ ಅಲ್ಲ," ಎಂದರು ಬೆಳ್ಳಿಯಪ್ಪ. "ಮತ್ತೆ ಬಾಲ ಯಾರ ಮಾತು ಕೇಳ್ತು?"

ಅವರು ನನ್ನ ತಮ್ಮ ಶಂಕರನತ್ತ ತಿರುಗಿದರು. ಶಂಕರ ನಮ್ಮ ತೋಟದಲ್ಲೇ ಲೆಕ್ಕ ಬರೆಯುವ ರೈಟರ್. ಅಶ್ವಿನ್‌ಗೆ ವಿಮಾನದ ಹುಚ್ಚು ಹಿಡಿಸಿದವನೂ ಅವನೇ.

"ನಿಂದೂ ಒಂದು ರಿಮೋಟ್ ಇದ್ಯಲ್ಲ?"

"ಇದೆ ಸಾರ್. ಎರಡೂ ಒಂದೇ ಚಾನೆಲ್. ಒಟ್ಟಿಗೆ ಹಾಕಿದ್ರೆ ಜಗಳ ಆಗತ್ತೆ ಅಂತ ನಾನೇ ರೂಲ್ ಮಾಡಿದ್ದು — ಅಕ್ಕನ ಬಟ್ಟೆ ಕ್ಲಿಪ್, ಆ ಕೆಂಪುದು, ಯಾರ ಆಂಟೆನಾ ಮೇಲಿರತ್ತೋ ಅವ್ರೇ ಹಾಕ್ಬೇಕು. ಇವತ್ತು ಭಾವನ ಹತ್ರ ಇತ್ತು."

"ನಿಂದು?"

"ಜೀಪಲ್ಲಿ, ಬ್ಯಾಗಲ್ಲಿತ್ತು. ಜಿಪ್ಪೇ ತೆಗ್ದಿಲ್ಲ."

"ಮನೇಲಿ ಹಾಕಿ ನೋಡಿದ್ಯಾ?"

"ವಾರ ಆಯ್ತು ಸಾರ್, ಮುಟ್ಟೇ ಇಲ್ಲ."

"ಜೀಪ್ ಕೀ ಯಾರ ಹತ್ರ ಇತ್ತು?"

"ನನ್ನ ಹತ್ರಾನೇ."

ಬೆಳ್ಳಿಯಪ್ಪ ಬ್ಯಾಗ್ ತರಿಸಿದರು. ಒಳಗೆಲ್ಲ ಒಣಗಿತ್ತು. ರಿಮೋಟೂ ಒಣಗಿತ್ತು. ಒಂದರೊಳಗೊಂದು ಸೇರಿಕೊಂಡಿದ್ದ ಆಂಟೆನಾವನ್ನು ಅವರು ಮೆಲ್ಲಗೆ ಎಳೆದರು. ಒಳಗಿನ ಸಣ್ಣ ಕೊಳವೆಗಳು ಹೊರಬಂದವು. ಬೆರಳಿನಿಂದ ಸವರಿ ನನ್ನ ಮುಂದೆ ಹಿಡಿದರು.

ಬೆರಳು ಒದ್ದೆ.

"ಮುಚ್ಚಿದ್ದ ಆಂಟೆನಾ ಒಳಗೆ ನೀರು ಹೆಂಗೆ ಹೋಯ್ತು ಶಂಕರ? ಹೊರಗಡೆದು ಒರೆಸಿದ್ದೀಯ. ಒಳಗೆ ಸೇರಿದ್ದು ಮರೆತೆ. ಬೆಳಿಗ್ಗೆಯಿಂದ ಬಿಸಿಲು. ಮಂಜು ಬಂದಿದ್ದೇ ವಿಮಾನ ಮೇಲೆ ಹೋದ್ಮೇಲೆ. ಆ ಮಂಜಲ್ಲಿ ಯಾರೋ ಇದನ್ನ ಉದ್ದಕ್ಕೆ ಎಳೆದು ಹಿಡ್ದಿದ್ದಾರೆ."

ಅಶ್ವಿನ್ ರಿಮೋಟ್ ಇನ್ನೂ ಆನ್ ಇರುವಾಗಲೇ ಅವರು ಶಂಕರನ ರಿಮೋಟನ್ನೂ ಹಾಕಿದರು. ಜಗಲಿಯ ಮೇಲಿದ್ದ ಬಾಲ ಪಟಪಟ ಬಡಿದುಕೊಂಡಿತು.

"ಅದೇ!" ಎಂದು ಕಿರುಚಿದೆ. "ಗುಡ್ಡದ ಮೇಲೆ ಆಗಿದ್ದೂ ಇದೇ!"

"ನಂಗೆ ಅಲ್ಲೇ ಅನುಮಾನ ಬಂದಿತ್ತು," ಎಂದರು ಬೆಳ್ಳಿಯಪ್ಪ. "ಇಡೀ ಮಳೆಗಾಲ ಹೇಳ್ಕೊಟ್ಟೋನು, ಮೊದಲ ಸಲ ಹಾರೋ ಹೊತ್ತಿಗೆ ಜೀಪಿಂದ ಕಾಫಿ ಫ್ಲಾಸ್ಕ್ ತರ್ತೀನಿ ಅಂತ ಎದ್ದು ಹೋಗ್ತಾನಾ?"

ಹೌದಲ್ಲ! 'ಅಕ್ಕಾ, ನೀನು ಕೂತ್ಕೋ, ನಾನು ತರ್ತೀನಿ' ಎಂದಿದ್ದ. ಎಷ್ಟು ಪ್ರೀತಿ ಇವನಿಗೆ ಎಂದುಕೊಂಡು ಆ ಕಾಫಿ ಕುಡಿದಿದ್ದೆ.

"ಯಾಕೋ?" ಎಂದೆ.

ಉತ್ತರ ಕೊಟ್ಟವರು ಮಾವ. "ಹೋಂಸ್ಟೇಗೆ ಶೆಡ್ ಕೇಳಿದ್ದು ನಿನ್ನ ತಮ್ಮಾನೇ ಕಣಮ್ಮ, ಮೇಘಶ್ರೀ. ಯಾರಿಗೂ ಹೇಳ್ಬೇಡಿ ಅಂದಿದ್ದ."

ಶಂಕರ ತಲೆ ಎತ್ತಿದ. "ಭಾವಂಗೆ ಇನ್ನೊಂದು ವಿಮಾನ ಮಾಡಕ್ಕೆ ಬರತ್ತೆ ಅಕ್ಕ. ನಂಗೆ ಇನ್ನೊಂದು ಶೆಡ್ ಯಾರು ಕೊಡ್ತಾರೆ?"

ಕೇಳಿದ್ದರೆ ಅಶ್ವಿನ್ ಅರ್ಧ ಶೆಡ್ ಬಿಟ್ಟುಕೊಡುತ್ತಿದ್ದರು. ಪೂರ್ತಿಯೇ ಕೊಡುತ್ತಿದ್ದರೋ ಏನೋ, ಅಂಥ ಮನುಷ್ಯ. ಅದು ಗೊತ್ತಿದ್ದೂ ಇವನು ಕೇಳಲಿಲ್ಲವಲ್ಲ ಎಂದು ನನ್ನ ಮೈ ಉರಿಯಿತು.

ಮಾವ ಒಳಗಿನಿಂದ ಶೆಡ್ಡಿನ ಬೀಗದಕೈ ತಂದು ಮಗನ ಕೈಯಲ್ಲಿಟ್ಟರು. "ಹಾರಿತ್ತು ಕಣೋ. ನಾನು ನೋಡಿದ್ದೀನಿ," ಎಂದರು. ಎಷ್ಟು ವರ್ಷದಿಂದ ಕಾದಿದ್ದ ಮಾತು! ಅಶ್ವಿನ್ ಬೀಗದಕೈ ಕಡೆ ನೋಡಲೇ ಇಲ್ಲ. ರಿಮೋಟಿಗೆ ಸಿಕ್ಕಿಸಿದ್ದ ಕೆಂಪು ಕ್ಲಿಪ್ ತೆಗೆದು ಅಂಗೈ ಮೇಲಿಟ್ಟುಕೊಂಡರು.

"ಕ್ಲಿಪ್ ನನ್ನ ಹತ್ರ ಇತ್ತಲ್ಲೋ, ಶಂಕರ?"



ನಾನು ಒಳಗೆ ಹೋದೆ. ವಿಮಾನ ಹಾರುವ ದಿನವೆಂದು ಬೆಳಿಗ್ಗೆ ಆಸೆಯಿಂದ ಉಟ್ಟಿದ್ದ ಹಸಿರು ಸೀರೆ, ಗೌರಿ ಹಬ್ಬಕ್ಕೆ ಶಂಕರ ತಂದುಕೊಟ್ಟಿದ್ದು. ಅದನ್ನು ಬಿಚ್ಚಿ, ಬೇರೆ ಉಟ್ಟು, ಹಸಿರು ಸೀರೆಯನ್ನು ಮಡಿಸಿ ಹೊರಗೆ ತಂದೆ. ಅವನ ರಿಮೋಟನ್ನು ಬ್ಯಾಗಿಗೆ ಹಾಕಿ ಅದರ ಮೇಲೆ ಇಟ್ಟೆ.

"ಅಕ್ಕಾ, ಇದೊಂದು ಬೇಡ," ಎಂದ. ಆಗ ಅತ್ತ.

ಜಿಪ್ ಎಳೆದು ಬ್ಯಾಗನ್ನು ಅವನ ಕೈಗೆ ಕೊಟ್ಟೆ.